ಹಂದಿಗೋಡು ಕಾಯಿಲೆ: ಒಂದು ರೋಗನಿದಾನದ ಚರಿತ್ರೆ

ಬೆಂಗಳೂರು ದಂಡುಪ್ರದೇಶದ ಪೂರ್ವಕ್ಕೆ, ಹೆಣ್ಣೂರು ರಸ್ತೆಯ ಬದಿಯ ಲಿಂಗರಾಜಪುರದಲ್ಲಿ ಅಂಗವೈಕಲ್ಯವುಳ್ಳವರಿಗಾಗಿ ದುಡಿಯುತ್ತಿರುವ ಸಂಸ್ಥೆಯೊಂದಿದೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಅದನ್ನು ಸ್ಥಾಪಿಸಿದಾಗ ಅದರ ಹೆಸರಿನಲ್ಲಿದ್ದುದು ‘ಫಿಸಿಕಲಿ ಹ್ಯಾಂಡಿಕ್ಯಾಪ್ಡ್’ ಎಂಬ ಮಾತು. ಮುಂದೆ ಆ ಮಾತನ್ನು ಕೈಬಿಟ್ಟು ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಎಂದು ಹೆಸರನ್ನು ಬದಲಾಯಿಸಿಕೊಳ್ಳಲಾಯಿತು. ಕನ್ನಡದಲ್ಲಿಯೂ ಇದೇ ಅವಧಿಯಲ್ಲಿ ಕುಂಟ, ಹೆಳವ ಎಂಬ ಆಡುನುಡಿಯ ಪದಗಳಿಂದ ಅಂಗವಿಕಲ ಎಂಬ ಪದಕ್ಕೂ, ಅಲ್ಲಿಂದ ವಿಕಲಚೇತನ ಎಂಬ ಸರ್ಕಾರಿ ಪದಕ್ಕೂ ಬಳಕೆ ಸಾಗಿಬಂದಿದೆ. ಹೆಸರು ಬದಲಾದ ಮಾತ್ರಕ್ಕೆ ಕಾಲು ಸರಿಯಾಗದು ಎಂಬ ಆಕ್ಷೇಪ ಇದ್ದೇ ಇದೆ. ಆದರೆ ಹೆಸರು ಯಾರ ಮೇಲೆ ಹೊರೆ ಹೊರಿಸುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಜನರ ಮಾತಿನಲ್ಲಿ ಕುಂಟು ಎಂಬುದು ಒಂದೇ. ಪೋಲಿಯೋದಿಂದ ಸೊರಗಿದ ಕಾಲು, ಕ್ಷಯದಿಂದ ಸವೆದ ಚಪ್ಪೆಯ ಕೀಲು, ಫ್ಲೋರೈಡಿನ ನೀರಿನಿಂದ ಬಿಗಿದ ಬೆನ್ನು, ಹುಟ್ಟಿನಿಂದಲೇ ಸೊಟ್ಟಗಿರುವ ಪಾದ ಇವೆಲ್ಲಕ್ಕೂ ಊರಿನವರು ಕೊಡುವ ಹೆಸರು ಒಂದೇ ಆಗಿರುವುದುಂಟು. ಇವುಗಳನ್ನು ಬಿಡಿಸಿ, ಇದು ನರದ್ದು, ಇದು ಮೂಳೆಯದು, ಇದು ಕೀಲಿನದು ಎಂದು ಹೇಳುವುದೇ ರೋಗನಿದಾನ. ಸಂಸ್ಕೃತ ವೈದ್ಯಗ್ರಂಥಗಳು ಒಂದು ಕಾಲು ಹೋದವನನ್ನು ಖಂಜ, ಎರಡೂ ಕಾಲು ಹೋದವನನ್ನು ಪಂಗು ಎಂದು ಬೇರೆ ಮಾಡಿದ್ದವು. ಸಂಧಿಗಳ ನೋವನ್ನು ವಾತದ ಲೆಕ್ಕಕ್ಕೆ ಸೇರಿಸಿದ್ದವು. ಕನ್ನಡದ ಹಳ್ಳಿಗಳಲ್ಲಿ ಇಂದಿಗೂ ಕೀಲುನೋವೆಂದರೆ ಮೊದಲು ಬಾಯಿಗೆ ಬರುವ ಮಾತು ವಾಯು ಅಥವಾ ವಾತ. ಆಧುನಿಕ ವೈದ್ಯಶಾಸ್ತ್ರವಾದರೂ ಈ ಬಿಡಿಸುವಿಕೆಯಲ್ಲಿ ಸದಾ ಚುರುಕಾಗಿರಲಿಲ್ಲ. ಕರ್ನಾಟಕದ ಮಟ್ಟಿಗೆ ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ ಮಲೆನಾಡಿನ ಹಂದಿಗೋಡು ಕಾಯಿಲೆ. ಅದರ ನಿದಾನದ ಚರಿತ್ರೆಯನ್ನೂ, ಪ್ರತಿಯೊಂದು ನಿದಾನವೂ ರೋಗಿಗಳ ಸಮುದಾಯದ ಬಗೆಗೆ ಹೇಳಿದ ಮಾತನ್ನೂ ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಗ್ರಾಮ ಹಂದಿಗೋಡು. ಕಾಗೋಡು, ಹೆಗ್ಗೋಡು ಮೊದಲಾದ ಸ್ಥಳನಾಮಗಳಲ್ಲಿ ಕಾಣುವ ‘ಗೋಡು’ ಎಂಬ ಉತ್ತರಪದವೇ ಇಲ್ಲಿಯೂ ಇದೆ. ಗುಡ್ಡದ ತುದಿ ಎಂಬ ಅರ್ಥದ ‘ಕೋಡು’ ಅದರ ಮೂಲವೆನ್ನಬಹುದು. 1974-75ರ ಸುಮಾರಿಗೆ ಈ ಗ್ರಾಮದ ಕೂಲಿಕಾರ ಕುಟುಂಬಗಳಲ್ಲಿ ವಿಚಿತ್ರವಾದ ಕೀಲುರೋಗವೊಂದು ಹೊರಗಿನವರ ಗಮನಕ್ಕೆ ಬಂದಿತು. ಚಪ್ಪೆಯಲ್ಲಿ ಆರಂಭವಾಗುವ ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಮೊಣಕಾಲಿಗೂ ಬೆನ್ನಿಗೂ ಹರಡುತ್ತಿತ್ತು. ಮೊದಲು ಕುಕ್ಕರುಗಾಲಿನಲ್ಲಿ ಕೂರಲಾಗದು. ಬಳಿಕ ನೇರವಾಗಿ ನಿಲ್ಲಲಾಗದು. ಕೊನೆಗೆ ಕೋಲೂರಿಯೋ ಕೈಯೂರಿ ತೆವಳಿಯೋ ಚಲಿಸಬೇಕು. ಕೆಲವರು ಎತ್ತರದಲ್ಲಿ ತೀರ ಕುಳ್ಳರಾಗಿಯೇ ಉಳಿದಿದ್ದರು. ಮುಂದಿನ ವರ್ಷಗಳಲ್ಲಿ ಶಿವಮೊಗ್ಗ ಜಿಲ್ಲೆಯ ಬೇರೆ ಊರುಗಳಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಭಾಗದಲ್ಲಿಯೂ ಇದೇ ಕಾಯಿಲೆ ಗುರುತಿಸಲ್ಪಟ್ಟಿತು. ಬಾಧಿತರಲ್ಲಿ ಬಹುಪಾಲು ಪರಿಶಿಷ್ಟ ಜಾತಿಗೆ ಸೇರಿದ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳವರು.

ಕಾಯಿಲೆ ಬೆಳಕಿಗೆ ಬಂದ ಕಾಲವನ್ನು ಗಮನಿಸಬೇಕು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. ರಾಜ್ಯದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದುದು 1974ರ ಮಾರ್ಚ್ 1ರಂದು. ಜೀತಪದ್ಧತಿಯನ್ನು ರದ್ದುಪಡಿಸುವ ಕೇಂದ್ರ ಶಾಸನ ಬಂದುದು 1976ರಲ್ಲಿ. ಉಳುತ್ತಿದ್ದ ಗೇಣಿದಾರನಿಗೆ ಭೂಮಿಯ ಹಕ್ಕು ದೊರೆಯುವ ಆ ಹೊತ್ತಿನಲ್ಲಿ ಗೇಣಿಯೂ ಇಲ್ಲದ, ಕೂಲಿಯನ್ನೇ ನಂಬಿದ ಕುಟುಂಬಗಳು ಕಾಯಿದೆಯ ಹೊರಗೇ ಉಳಿದವು. ಗದ್ದೆಯಲ್ಲಿ ಬಾಗಿ ಸಸಿ ನೆಡುವ, ಕುಳಿತು ಕಳೆ ಕೀಳುವ, ತಲೆಹೊರೆ ಹೊತ್ತು ದಿಬ್ಬ ಹತ್ತುವ ಆಳಿಗೆ ಸೊಂಟವೇ ಬಂಡವಾಳ. ಅಂಥವರ ಸೊಂಟವನ್ನೇ ಹಿಡಿದ ಕಾಯಿಲೆ ಇದು. ಇದೇ ರೋಗ ಜಮೀನುದಾರರ ಮನೆಗಳಲ್ಲಿ ಕಾಣಿಸಿಕೊಂಡಿದ್ದರೆ ಇಷ್ಟು ತಡವಾಗಿ ಬೆಳಕಿಗೆ ಬರುತ್ತಿರಲಿಲ್ಲ ಎಂದು ಊಹಿಸುವುದರಲ್ಲಿ ತಪ್ಪೇನೂ ಇಲ್ಲ.

ನೆರೆಯ ಸೊರಬ ತಾಲ್ಲೂಕಿನ ಇನ್ನೊಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. 1957ರಲ್ಲಿ ಕ್ಯಾಸನೂರು ಕಾಡಿನ ಸುತ್ತ ಕಾಣಿಸಿಕೊಂಡ ಜ್ವರಕ್ಕೆ ವಿಜ್ಞಾನಿಗಳು ಕಾಡಿನ ಹೆಸರನ್ನೇ ಇಟ್ಟರು. ಜನರು ಅದನ್ನು ಕರೆದುದು ಮಂಗನ ಕಾಯಿಲೆ ಎಂದು. ಕಾಡಿನಲ್ಲಿ ಮಂಗಗಳು ಸಾಯುವುದಕ್ಕೂ ಊರಿನಲ್ಲಿ ಜ್ವರ ಬರುವುದಕ್ಕೂ ಇರುವ ಸಂಬಂಧ ಆ ಹೆಸರಿನೊಳಗೇ ಇತ್ತು. ಉಣುಗಿನ ಮೂಲಕ ಹರಡುವ ವೈರಾಣುವಿನ ಪತ್ತೆಗೆ ಸತ್ತ ಮಂಗಗಳೇ ದಾರಿ ತೋರಿದುವು. ಹಂದಿಗೋಡಿನ ವಿಷಯದಲ್ಲಿ ಹಾಗಾಗಲಿಲ್ಲ. ಅಲ್ಲಿ ನಿಧಾನವಾಗಿ, ಒಂದೊಂದೇ ಮನೆಯೊಳಗೆ ಬೆಳೆಯುವ ಕುಂಟಿಗೆ ಕಣ್ಣಿಗೆ ಕಾಣುವ ಕಾರಣವೊಂದು ಇರಲಿಲ್ಲ. ಮಲೆನಾಡಿನ ಲೋಕದೃಷ್ಟಿಯಲ್ಲಿ ಕಾರಣ ತಿಳಿಯದ ದೀರ್ಘರೋಗವು ಚೌಡಿ, ಭೂತ, ನಾಗ ಇವುಗಳ ಕಾಟದ ಲೆಕ್ಕಕ್ಕೆ ಸೇರುವುದು ಸಾಮಾನ್ಯ. ಹೊರಗಿನವರು ಬಂದಮೇಲೆ ಊರಿನ ಹೆಸರೇ ಕಾಯಿಲೆಯ ಹೆಸರಾಯಿತು. ಇದರ ಪರಿಣಾಮ ಸಣ್ಣದಲ್ಲ. ಕಾಡಿನ ಹೆಸರು ರೋಗಕ್ಕೆ ಬಂದರೆ ಕಾಡಿಗೇನೂ ಆಗದು. ಊರಿನ ಹೆಸರು ಬಂದರೆ ಆ ಊರಿನಿಂದ ಹೆಣ್ಣು ತರುವವರು, ಆ ಊರಿಗೆ ಹೆಣ್ಣು ಕೊಡುವವರು ಎರಡು ಬಾರಿ ಯೋಚಿಸುವಂತಾಗುತ್ತದೆ.

ವೈದ್ಯಕೀಯ ಶೋಧನೆಯ ಮೊದಲ ಹೆಜ್ಜೆಯನ್ನಿಟ್ಟುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ. ಆ ಸಂಸ್ಥೆಯ ಆರ್.ವಿ. ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ ಅವರ ಅಧ್ಯಯನ 1977ರಲ್ಲಿ ಪ್ರಕಟವಾಯಿತು. ಅವರು ರೋಗವನ್ನು ಕರೆದುದು ‘ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ’ ಎಂಬ ಅರ್ಥ ಬರುವಂತೆ. ಇಲ್ಲಿ ‘ಸ್ಥಳೀಯ’ ಮತ್ತು ‘ಕೌಟುಂಬಿಕ’ ಎಂಬ ಎರಡು ವಿಶೇಷಣಗಳೂ ಒಟ್ಟಿಗಿರುವುದು ಗಮನಾರ್ಹ. ಒಂದು ನೆಲದ ಕಡೆಗೆ ಬೆರಳು ತೋರಿಸಿದರೆ ಇನ್ನೊಂದು ರಕ್ತದ ಕಡೆಗೆ ತೋರಿಸುತ್ತದೆ. ಮುಂದಿನ ಎರಡು ದಶಕಗಳ ಚರ್ಚೆಯೆಲ್ಲ ಈ ಎರಡು ಪದಗಳ ನಡುವೆಯೇ ನಡೆಯಿತು. ಇದೇ ಕೃಷ್ಣಮಾಚಾರಿ ಅವರು 1973ರಲ್ಲಿ, ಫ್ಲೋರೈಡ್ ಹೆಚ್ಚಿರುವ ಪ್ರದೇಶದ ಜನರಲ್ಲಿ ಮೊಣಕಾಲುಗಳು ಒಳಮುಖವಾಗಿ ಬಾಗುವ ರೋಗವನ್ನು ವಿವರಿಸಿದ ಇಬ್ಬರಲ್ಲಿ ಒಬ್ಬರು. ನೀರು ಮತ್ತು ಆಹಾರಗಳು ಮೂಳೆಯನ್ನು ಕೆಡಿಸುವ ಬಗೆಯನ್ನು ಬಲ್ಲವರು ಮಲೆನಾಡಿಗೆ ಬಂದಾಗ ನೆಲವನ್ನೂ ಅನ್ನವನ್ನೂ ಮೊದಲು ಶೋಧಿಸಿದುದು ಸಹಜವೇ ಆಗಿದೆ.

ಆದರೆ ಸಾರ್ವಜನಿಕರ ನೆನಪಿನಲ್ಲಿ ಉಳಿದುದು ಏಡಿಯ ಕಥೆ. ಅಧಿಕ ಇಳುವರಿಯ ಭತ್ತದ ತಳಿಗಳ ಜೊತೆಗೆ ಗದ್ದೆಗಳಿಗೆ ಎಂಡ್ರಿನ್, ಪ್ಯಾರಾಥಿಯಾನ್ ಮೊದಲಾದ ಕೀಟನಾಶಕಗಳು ಬಂದಿದ್ದವು. ಗದ್ದೆಯ ಏಡಿಯನ್ನು ಹಿಡಿದು ತಿನ್ನುವ ಬಡವರ ಮೈಗೆ ಆ ವಿಷ ಸೇರಿ ಕೀಲುಗಳು ಕೆಟ್ಟವು ಎಂಬ ವಾದ ಪತ್ರಿಕೆಗಳಲ್ಲಿಯೂ ಪರಿಸರ ಕುರಿತ ಬರಹಗಳಲ್ಲಿಯೂ ವ್ಯಾಪಕವಾಗಿ ಹರಡಿತು. ಮಲೆನಾಡಿನ ಆಹಾರಕ್ರಮವನ್ನು ಬಲ್ಲವರಿಗೆ ಇದರ ಆಕರ್ಷಣೆ ತಿಳಿಯುತ್ತದೆ. ಮುಂಗಾರಿನ ಮೊದಲ ಮಳೆಗೆ ಗದ್ದೆಯ ಅಂಚಿನಲ್ಲಿ, ಹಳ್ಳದ ಕಲ್ಲಿನ ಸಂದಿಯಲ್ಲಿ ಏಡಿ ಹಿಡಿಯುವುದು, ಸಾರು ಮಾಡುವುದು, ಶೀತಕ್ಕೆ ಅದು ಒಳ್ಳೆಯದೆಂದು ಕುಡಿಯುವುದು ಅಲ್ಲಿನ ಬದುಕಿನ ಭಾಗ. ಕಾಸಿಲ್ಲದೆ ದೊರೆಯುವ ಪೌಷ್ಟಿಕ ಆಹಾರವೂ ಅದೇ.

ಏಡಿಯ ವಾದಕ್ಕೆ ಎರಡು ಮುಖಗಳಿದ್ದವು. ಒಂದು ಮುಖದಿಂದ ನೋಡಿದರೆ ಅದು ಆಧುನಿಕ ಕೃಷಿಯ ಮೇಲಿನ ದೋಷಾರೋಪ. ವಿಷ ಸಿಂಪಡಿಸಿದವನು ಒಬ್ಬ, ಅದನ್ನು ಉಂಡವನು ಇನ್ನೊಬ್ಬ. ಈ ಕಾರಣಕ್ಕಾಗಿಯೇ ಪ್ರಗತಿಪರ ವಲಯಗಳಲ್ಲಿ ಅದು ಬಹುಕಾಲ ಬಾಳಿತು. ಇನ್ನೊಂದು ಮುಖದಿಂದ ನೋಡಿದರೆ ಅದು ಏಡಿ ತಿನ್ನುವವರ ಮೇಲಿನ ಹಳೆಯ ತಾತ್ಸಾರಕ್ಕೆ ವಿಜ್ಞಾನದ ಬೆಂಬಲವೂ ಆಯಿತು. ತಿನ್ನಬಾರದುದನ್ನು ತಿಂದರು, ಅನುಭವಿಸಿದರು ಎಂಬ ಮಾತಿಗೂ ಈ ವಾದಕ್ಕೂ ನಡುವಿನ ಗೆರೆ ಬಹಳ ತೆಳುವಾದುದು. ಕೀಟನಾಶಕಗಳ ಅಪಾಯ ನಿಜವಾದುದೇ. ಆದರೆ ಆ ಅಪಾಯವನ್ನು ಸಾಬೀತುಪಡಿಸಲು ಹಂದಿಗೋಡಿನ ರೋಗಿಗಳನ್ನು ಸಾಕ್ಷಿಗಳನ್ನಾಗಿ ಬಳಸಿಕೊಂಡುದು ಸರಿಯಾದ ನಿದಾನಕ್ಕೆ ನೆರವಾಗಲಿಲ್ಲ. ಏಡಿಯನ್ನು ತಿನ್ನುವವರು ಈ ಎರಡು ಸಮುದಾಯದವರಷ್ಟೇ ಅಲ್ಲ. ಅದೇ ನೀರು ಕುಡಿದು, ಅದೇ ಗದ್ದೆಯಲ್ಲಿ ದುಡಿದು, ಅದೇ ಏಡಿಯನ್ನು ತಿಂದ ಬೇರೆ ಸಮುದಾಯಗಳವರ ಚಪ್ಪೆಗಳು ಯಾಕೆ ಸವೆಯಲಿಲ್ಲ ಎಂಬ ಪ್ರಶ್ನೆಗೆ ಏಡಿಯ ವಾದದಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತುದು ಮೂಳೆಗಳಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಅಧ್ಯಯನಗಳಲ್ಲಿ ಎಕ್ಸ್-ರೇ ಚಿತ್ರಗಳೇ ಮುಖ್ಯ ಆಧಾರಗಳಾದವು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಳಿತಜ್ಞ ಎಸ್.ಎಸ್. ಅಗರವಾಲ್ ಅವರ ಹೆಸರು ಈ ಕಾರ್ಯದೊಡನೆ ಸೇರಿಕೊಂಡಿದೆ. ವೈದ್ಯರು ಇಲ್ಲಿ ಮಾಡಬೇಕಾಗಿದ್ದುದು ಒಂದು ಬಗೆಯ ಪಾಠಾಂತರ ಶೋಧನೆ ಎನ್ನಬಹುದು. ಹಲವು ಕಾಯಿಲೆಗಳು ಒಂದೇ ಕುಂಟನ್ನು ಬರೆಯುತ್ತವೆ. ಯಾವುದು ಯಾರ ಕೈಬರಹವೆಂದು ಗುರುತಿಸಬೇಕು. ಆಮವಾತವಾಗಿದ್ದರೆ ಕೈಬೆರಳುಗಳ ಸಣ್ಣ ಕೀಲುಗಳು ಮೊದಲು ಊದಿಕೊಳ್ಳಬೇಕಿತ್ತು, ಬೆಳಗಿನ ಹೊತ್ತು ಬಿಗಿತವಿರಬೇಕಿತ್ತು, ಉರಿಯೂತದ ಗುರುತುಗಳು ರಕ್ತದಲ್ಲಿ ಕಾಣಬೇಕಿತ್ತು. ಕ್ಷಯವಾಗಿದ್ದರೆ ಸಾಮಾನ್ಯವಾಗಿ ಒಂದೇ ಪಕ್ಕದ ಚಪ್ಪೆ ಕೆಡಬೇಕಿತ್ತು, ಜ್ವರ, ಕೀವು ಮತ್ತು ಮೈ ಇಳಿಯುವಿಕೆ ಜೊತೆಗಿರಬೇಕಿತ್ತು. ಜೀವಸತ್ವ ‘ಡಿ’ ಕೊರತೆಯ ರಿಕೆಟ್ಸ್ ಆಗಿದ್ದರೆ ಬೆಳೆಯುವ ಮಕ್ಕಳ ಮೂಳೆಯ ತುದಿಗಳಲ್ಲಿ ಸುಣ್ಣ ಸೇರದೆ ಅಂತರ ಅಗಲವಾಗಿ ಕಾಣಬೇಕಿತ್ತು. ಫ್ಲೋರೋಸಿಸ್‌ನಲ್ಲಿ ಮೂಳೆ ಸಾಂದ್ರಗೊಂಡು ಎಕ್ಸ್-ರೇಯಲ್ಲಿ ಎಂದಿಗಿಂತ ಬೆಳ್ಳಗೆ ಕಾಣುತ್ತದೆ, ಬೆನ್ನಿನ ಸ್ನಾಯುಬಂಧಗಳು ಸುಣ್ಣಗಟ್ಟುತ್ತವೆ. ಪಾವಗಡ, ಮುಂಡರಗಿಗಳಂಥ ಬಯಲುಸೀಮೆಯ ತಾಲ್ಲೂಕುಗಳ ಕೊಳವೆಬಾವಿ ನೀರಿನ ಸಮಸ್ಯೆ ಅದು. ಘಟ್ಟದ ಕೆಳಗೆ ಉಡುಪಿಯ ಕಡೆ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಪರ್ಥಿಸ್ ಎಂಬ ಚಪ್ಪೆಯ ರೋಗವನ್ನು ಮಣಿಪಾಲದ ಬೆಂಜಮಿನ್ ಜೋಸೆಫ್ ಅವರು 1980ರ ದಶಕದಿಂದ ವಿವರವಾಗಿ ಅಭ್ಯಸಿಸಿದ್ದಾರೆ. ಅದರಲ್ಲಿ ತೊಡೆಮೂಳೆಯ ತಲೆಗೆ ರಕ್ತದ ಪೂರೈಕೆ ನಿಂತು ಅದು ಕುಸಿಯುತ್ತದೆ. ಆದರೆ ಬಹುಪಾಲು ಒಂದೇ ಪಕ್ಕದಲ್ಲಿ, ಮತ್ತು ಬೆನ್ನುಮೂಳೆಗೆ ಅದರ ಸಂಬಂಧವಿಲ್ಲ.

ಹಂದಿಗೋಡಿನ ಚಿತ್ರಗಳು ಇವಾವುದಕ್ಕೂ ಹೊಂದಲಿಲ್ಲ. ಎರಡೂ ಚಪ್ಪೆಗಳು ಕೆಟ್ಟಿದ್ದವು. ತೊಡೆಮೂಳೆಯ ಗುಂಡಾದ ತಲೆ ಚಪ್ಪಟೆಯಾಗಿ, ಅಂಕುಡೊಂಕಾಗಿತ್ತು. ಕೀಲಿನ ನಡುವಿನ ಮೃದ್ವಸ್ಥಿ ಸವೆದು ಅಂತರ ಕಿರಿದಾಗಿತ್ತು. ಹಲವರಲ್ಲಿ ಬೆನ್ನಿನ ಮಣಿಗಳೂ ಚಪ್ಪಟೆಗೊಂಡಿದ್ದವು. ಅಂದರೆ ಚೆನ್ನಾಗಿ ಬೆಳೆದ ಕೀಲನ್ನು ಹೊರಗಿನ ವಿಷವೊಂದು ಬಂದು ಕೆಡಿಸಿದುದಲ್ಲ. ಮೂಳೆಯ ತುದಿಯು ಬೆಳೆಯುವಾಗಲೇ ಸರಿಯಾಗಿ ರೂಪುಗೊಂಡಿರಲಿಲ್ಲ. ಸರಿಯಾಗಿ ರೂಪುಗೊಳ್ಳದ ಕೀಲು ದುಡಿಮೆಯ ಭಾರಕ್ಕೆ ಬೇಗ ಸವೆಯುತ್ತದೆ. ಎಲ್ಲರ ಕಣ್ಣಿಗೆ ಬಿದ್ದ ಸಂಧಿವಾತವು ರೋಗದ ಆರಂಭವಲ್ಲ, ಅದರ ಪರಿಣಾಮ. ರೋಗಿಗಳಲ್ಲಿ ಮೂರು ಬಗೆಗಳನ್ನು ಗುರುತಿಸಲಾಯಿತು. ಎತ್ತರ ಹೆಚ್ಚು ಕುಂದದೆ ಮುಖ್ಯವಾಗಿ ಚಪ್ಪೆಗಳು ಕೆಟ್ಟವರು ಒಂದು ಬಗೆ. ಬೆನ್ನೂ ಬಾಧಿತವಾಗಿ ಎತ್ತರ ಕುಂದಿದವರು ಇನ್ನೊಂದು ಬಗೆ. ಮೈಯ ಹಲವು ಮೂಳೆಗಳ ಬೆಳವಣಿಗೆ ಕುಂಠಿತವಾಗಿ ತೀರ ಕುಳ್ಳರಾದವರು ಮೂರನೆಯ ಬಗೆ. ಶಾಸ್ತ್ರದಲ್ಲಿ ಇದಕ್ಕೆ ದೊರೆತ ಹೆಸರು ಸ್ಪಾಂಡಿಲೋ-ಎಪಿ-ಮೆಟಾಫೀಸಿಯಲ್ ಡಿಸ್‌ಪ್ಲೇಸಿಯಾ. ಬಾಯಿ ತಿರುಗದ ಈ ಹೆಸರನ್ನು ಬಿಡಿಸಿದರೆ ಬೆನ್ನಮಣಿ, ಮೂಳೆಯ ತುದಿ, ತುದಿಯ ಪಕ್ಕದ ಭಾಗ, ಕೆಟ್ಟ ಬೆಳವಣಿಗೆ ಎಂದಷ್ಟೇ ಆಗುತ್ತದೆ. ಆ ಹೆಸರಿನಲ್ಲಿ ಊರೂ ಇಲ್ಲ, ಜಾತಿಯೂ ಇಲ್ಲ, ಏಡಿಯೂ ಇಲ್ಲ. ಬಳಕೆಗೆ ಬಾರದುದೂ ಅದೇ ಹೆಸರು.

ಎಕ್ಸ್-ರೇ ಹೇಳಲಾಗದುದನ್ನು ಹೇಳಿದುದು ವಂಶಾವಳಿ. ತಂದೆಗೆ ಇತ್ತೇ, ತಾಯಿಗೆ ಇತ್ತೇ, ಅಜ್ಜಿ ಕೋಲೂರಿ ನಡೆಯುತ್ತಿದ್ದಳೇ, ದೊಡ್ಡಪ್ಪನ ಮಕ್ಕಳಲ್ಲಿ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಹೊರಗಿನಿಂದ ಬಂದ ಸೊಸೆಗೆ ಏನಾಯಿತು ಎಂಬ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ರೇಖೆಗಳಲ್ಲಿ ಬರೆದಾಗ ಕಾಯಿಲೆಯ ನಡೆ ಸ್ಪಷ್ಟವಾಗುತ್ತದೆ. ಅದು ತಲೆಮಾರಿನಿಂದ ತಲೆಮಾರಿಗೆ ಇಳಿದಿದೆ, ಗಂಡು ಹೆಣ್ಣು ಇಬ್ಬರಿಗೂ ಬಂದಿದೆ. ತಳಿಶಾಸ್ತ್ರದ ಪರಿಭಾಷೆಯಲ್ಲಿ ಇದು ಪ್ರಬಲ ಆನುವಂಶಿಕತೆ.

ಇಲ್ಲಿ ಜಾನಪದದ ವಿದ್ಯಾರ್ಥಿಗೆ ಹೆಳವರು ನೆನಪಾಗದೆ ಇರಲಾರರು. ಕರ್ನಾಟಕದಲ್ಲಿ ಮನೆತನಗಳ ವಂಶಾವಳಿಯನ್ನು ಹೇಳುವ ವೃತ್ತಿಗಾಯಕರ ಸಮುದಾಯವದು. ಹೆಳವ ಎಂಬ ಪದದ ಅರ್ಥವೇ ಕುಂಟ ಎಂದು. ಕಂಬಳಿಯಲ್ಲಿ ಕಾಲು ಮರೆಸಿಕೊಂಡು, ಗಂಟೆ ಕಟ್ಟಿದ ಎತ್ತಿನ ಮೇಲೆ ಕುಳಿತು ಊರೂರು ತಿರುಗುವ ಅವರ ಚಿತ್ರ ಹಳೆಯ ಜನಾಂಗ ವಿವರಣೆಗಳಲ್ಲಿ ದೊರೆಯುತ್ತದೆ. ಆದರೆ ಹೆಳವರ ಹೊತ್ತಿಗೆಗಳು ಮುಖ್ಯವಾಗಿ ಬಯಲುಸೀಮೆಯ ಒಕ್ಕಲು ಮನೆತನಗಳವು. ವಂಶಾವಳಿಗೆ ದವಸ ಅಳೆದು ಕೊಡಬಲ್ಲವರ ವಂಶವಷ್ಟೇ ಅವುಗಳಲ್ಲಿ ದಾಖಲಾಯಿತು. ಮಲೆನಾಡಿನ ಕೂಲಿಕಾರರ ವಂಶಾವಳಿ ಉಳಿಯಬಹುದಾಗಿದ್ದುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ. ರೋಗದ ಆನುವಂಶಿಕ ಸ್ವರೂಪವನ್ನು ಖಚಿತಪಡಿಸುವುದಕ್ಕೆ ಬೇಕಾದ ಮುಖ್ಯ ದಾಖಲೆ ಈ ನೆನಪೇ. ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥ ವಂಶಾವಳಿಗಳು ಚೌಕ, ವೃತ್ತಗಳ ನಕ್ಷೆಯಾಗಿ ಅಚ್ಚಾಗುತ್ತವೆ. ಬಾಧಿತರಿಗೆ ಕಪ್ಪು ಬಣ್ಣ, ಉಳಿದವರಿಗೆ ಬಿಳಿ. ಹೇಳಿದವರ ಮಾತು ನಕ್ಷೆಯೊಳಗೆ ಉಳಿಯುವುದಿಲ್ಲ. ರೋಗಿಯ ಗುಟ್ಟನ್ನು ಕಾಯಬೇಕೆಂಬ ವೈದ್ಯಕೀಯ ನೀತಿ ಇದಕ್ಕೆ ಕಾರಣವೆಂಬುದು ಸರಿ. ಆದರೂ ಹೇಳಿಕೆ ಕೊಟ್ಟವರನ್ನು ವಕ್ತೃವೆಂದು ಗುರುತಿಸಿ, ಸಂದರ್ಭಸಹಿತ ದಾಖಲಿಸುವ ಜಾನಪದ ಸಂಗ್ರಹವಿಧಾನವು ಈ ಕ್ಷೇತ್ರಕಾರ್ಯದೊಡನೆ ಆರಂಭದಿಂದಲೇ ಸೇರಿದ್ದರೆ ರೋಗದ ಹಿಂದಿನ ತಲೆಮಾರುಗಳ ಚರಿತ್ರೆ ಇನ್ನಷ್ಟು ದಕ್ಕುತ್ತಿತ್ತು.

ಆನುವಂಶಿಕ ಎಂಬ ನಿದಾನವೂ ತನ್ನದೇ ಆದ ಅಪಾರ್ಥವನ್ನು ಹೊತ್ತು ಬಂದಿತು. ಒಳಸಂಬಂಧದ ಮದುವೆಗಳೇ ಕಾಯಿಲೆಗೆ ಕಾರಣ ಎಂಬ ಮಾತು ಅನೇಕ ಬರಹಗಳಲ್ಲಿ ಕಾಣುತ್ತದೆ. ಇದು ಸರಿಯಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿಯಿಂದ ಹೆಚ್ಚುವುದು ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಪ್ರಕಟವಾಗುವ ಅಪ್ರಬಲ ರೋಗಗಳು. ಪ್ರಬಲ ರೋಗಕ್ಕೆ ಇಬ್ಬರಲ್ಲಿ ಒಬ್ಬರಿಂದ ಬಂದರೆ ಸಾಕು. ಬಾಧಿತ ವ್ಯಕ್ತಿ ಸಾವಿರ ಮೈಲಿ ದೂರದ ಸಂಬಂಧ ಮಾಡಿದರೂ ಪ್ರತಿ ಮಗುವಿಗೂ ರೋಗ ಇಳಿಯುವ ಸಾಧ್ಯತೆ ಅರ್ಧದಷ್ಟು ಇದ್ದೇ ಇರುತ್ತದೆ. ಜಾತಿಯೊಳಗಿನ ಮದುವೆಯಿಂದ ದೋಷವು ಆ ಸಮುದಾಯದೊಳಗೇ ಸುತ್ತುತ್ತದೆ ಎನ್ನುವುದು ನಿಜ. ಆದರೆ ಜಾತಿಯೊಳಗೆ ಮದುವೆಯಾಗುವುದು ಈ ಎರಡು ಸಮುದಾಯಗಳ ವಿಶೇಷವಲ್ಲ. ಮಲೆನಾಡಿನ ಎಲ್ಲ ಜಾತಿಗಳ ರೂಢಿ ಅದು. ಮೊದಲು ತಿಂದುದು ತಪ್ಪಾಯಿತು, ಆಮೇಲೆ ಮದುವೆಯಾದುದು ತಪ್ಪಾಯಿತು. ಎರಡು ನಿದಾನಗಳ ಜನಪ್ರಿಯ ರೂಪಗಳೂ ದೋಷವನ್ನು ರೋಗಿಯ ಆಚಾರದಲ್ಲಿಯೇ ಹುಡುಕಿದವೆಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಮಲೆನಾಡಿನ ಈ ರೋಗಕ್ಕೆ ಸಮಾಂತರವಾದುದು ದೂರದ ಆಫ್ರಿಕದಲ್ಲಿ ದೊರೆಯಿತು. ದಕ್ಷಿಣ ಆಫ್ರಿಕದ ಉತ್ತರ ಜುಲೂಲ್ಯಾಂಡಿನ ಮ್ಸೆಲೇನಿ ಎಂಬ ಪ್ರದೇಶದಲ್ಲಿಯೂ ಚಪ್ಪೆಗಳನ್ನು ಕೆಡಿಸುವ ಕಾಯಿಲೆಯೊಂದು 1970ರ ಸುಮಾರಿಗೆ ವೈದ್ಯಸಾಹಿತ್ಯಕ್ಕೆ ಬಂದಿತ್ತು. ಅಲ್ಲಿಯೂ ಊರಿನ ಹೆಸರೇ ರೋಗದ ಹೆಸರು. ಅಲ್ಲಿ ಹೆಂಗಸರಲ್ಲಿ ಅದು ಹೆಚ್ಚು. ಅಗರವಾಲ್, ಶುಭಾ ಫಡ್ಕೆ ಮತ್ತು ದಕ್ಷಿಣ ಆಫ್ರಿಕದ ಪೀಟರ್ ಬೀಟನ್ ಮೊದಲಾದವರು 1997ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇವೆರಡೂ ಒಂದೇ ರೋಗವಾಗಿರಬಹುದೇ ಎಂಬ ಪ್ರಶ್ನೆಯನ್ನೆತ್ತಿ ರೋಗಲಕ್ಷಣಗಳನ್ನು ಹೋಲಿಸಿದರು. ಇದಕ್ಕೆ ವಿರುದ್ಧವಾದ ನಿದರ್ಶನ ಸೈಬೀರಿಯ ಮತ್ತು ಚೀನಾಗಳ ಕಾಶಿನ್-ಬೆಕ್ ರೋಗ. ಹತ್ತೊಂಬತ್ತನೆಯ ಶತಮಾನದಿಂದಲೇ ತಿಳಿದಿದ್ದ ಈ ಕೀಲುರೋಗಕ್ಕೆ ಮಣ್ಣಿನಲ್ಲಿ ಸೆಲೆನಿಯಮ್ ಕೊರತೆ, ಧಾನ್ಯದ ಬೂಷ್ಟು ಮುಂತಾದ ಪರಿಸರದ ಕಾರಣಗಳನ್ನೇ ಮುಖ್ಯವಾಗಿ ಹೇಳಲಾಗಿದೆ. ಹಂದಿಗೋಡಿನಲ್ಲಿ ಮೊದಲು ಅನ್ನ ನೀರುಗಳನ್ನು ಶಂಕಿಸಿದುದು ಮೂರ್ಖತನವಲ್ಲವೆಂಬುದಕ್ಕೆ ಈ ಉದಾಹರಣೆ ಸಾಕು. ತಪ್ಪಾದುದು ಶಂಕೆಯಲ್ಲ, ಶಂಕೆಯನ್ನೇ ತೀರ್ಮಾನವೆಂದು ಹರಡಿದುದು.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಸಂಶೋಧಕರು ಆಮೇಲಿನ ವರ್ಷಗಳಲ್ಲಿ ರೋಗಿಗಳ ರಕ್ತ, ಮೂತ್ರಗಳಲ್ಲಿ ಮೂಳೆಯ ಸವೆತವನ್ನು ಸೂಚಿಸುವ ರಾಸಾಯನಿಕಗಳನ್ನು ಅಳೆದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ 2000ದ ದಶಕದಲ್ಲಿ ಈ ರೋಗಿಗಳ ಸ್ಥಿತಿಯನ್ನು ವಿಚಾರಣೆಗೆ ಎತ್ತಿಕೊಂಡಿತು. ರೋಗವನ್ನು ಬುಡದಿಂದ ಗುಣಪಡಿಸುವ ಔಷಧವಿಲ್ಲ. ನೋವು ಶಮನ, ವ್ಯಾಯಾಮ, ಊರುಗೋಲು, ತೀರ ಕೆಟ್ಟ ಚಪ್ಪೆಗೆ ಕೃತಕ ಕೀಲಿನ ಶಸ್ತ್ರಚಿಕಿತ್ಸೆ ಇವಿಷ್ಟೇ ಇರುವ ದಾರಿಗಳು. ಕೃತಕ ಕೀಲು ಹಾಕಿಸಿಕೊಂಡವರು ಕುಕ್ಕರುಗಾಲಿನಲ್ಲಿ ಕೂರಬಾರದು, ಭಾರ ಹೊರಬಾರದು ಎಂಬುದು ವೈದ್ಯರ ಸಾಮಾನ್ಯ ಸೂಚನೆ. ಗದ್ದೆಯ ಕೂಲಿಯನ್ನೇ ನಂಬಿದವರಿಗೆ ಈ ಸೂಚನೆಯನ್ನು ಪಾಲಿಸುವುದು ಹೇಗೆಂಬುದನ್ನು ಶಸ್ತ್ರಚಿಕಿತ್ಸೆ ತಿಳಿಸುವುದಿಲ್ಲ.

ಇಂದು ರೋಗಿಯ ಕೈಗೆ ಸಿಗುವ ನಿದಾನವೆಂದರೆ ಬಹುಮಟ್ಟಿಗೆ ಒಂದು ಪ್ರಮಾಣಪತ್ರ. 1995ರ ಅಂಗವಿಕಲರ ಕಾಯಿದೆಯಲ್ಲಿ ಕುಳ್ಳತನವನ್ನು ಹೆಸರಿಸಿರಲಿಲ್ಲ. 2016ರ ಕಾಯಿದೆಯು ವೈಕಲ್ಯಗಳ ಸಂಖ್ಯೆಯನ್ನು 21ಕ್ಕೆ ಏರಿಸಿ, ವಯಸ್ಕರ ಎತ್ತರ 147 ಸೆಂಟಿಮೀಟರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದನ್ನೂ ಚಲನಾಂಗದ ವೈಕಲ್ಯದಲ್ಲಿ ಸೇರಿಸಿತು. ಹೀಗಾಗಿ ಎತ್ತರ ಕುಂದಿದ ಬಗೆಯವರನ್ನು ಅಳತೆಪಟ್ಟಿಯಿಂದಲೂ, ಎತ್ತರ ಕುಂದದೆ ಚಪ್ಪೆ ಕೆಟ್ಟವರನ್ನು ಕೀಲು ಎಷ್ಟು ಬಾಗುತ್ತದೆ ಎಂಬ ಶೇಕಡಾ ಲೆಕ್ಕದಿಂದಲೂ ಗುರುತಿಸಲಾಗುತ್ತದೆ. ಒಂದೇ ಕಾಯಿಲೆ ಎರಡು ಕಲಮುಗಳಲ್ಲಿ ಹಂಚಿಹೋಗುತ್ತದೆ. ಹಂದಿಗೋಡು ಎಂಬ ಹೆಸರಿಗಾಗಲಿ, ಸ್ಪಾಂಡಿಲೋ ಎಂದು ಆರಂಭವಾಗುವ ಹೆಸರಿಗಾಗಲಿ ಕಾಯಿದೆಯ ಪಟ್ಟಿಯಲ್ಲಿ ಸ್ಥಾನವಿಲ್ಲ.